ನಾಯಿಯ ಚರ್ಮ, ಕೂದಲಿಗೆ ಯಾವ ಎಣ್ಣೆ? ಬಾಟಲಿ ಕೊಳ್ಳುವ ಮುಂಚೆ ಇಷ್ಟು ನೋಡಿ

ಮೀನೆಣ್ಣೆ ಕೊಡಲಾ, ಕೊಬ್ಬರಿ ಎಣ್ಣೆ ಕೊಡಲಾ, ಇಲ್ಲ ಅಗಸೆ ಎಣ್ಣೆಯೇ ಸಾಕಾ? ನಾಯಿ ಸಾಕಿದವರು ಪದೇ ಪದೇ ಕೇಳುವ ಪ್ರಶ್ನೆ ಇದು. ಕೇಳುವ ಹೊತ್ತಿಗೆ ಮನೆಯಲ್ಲಿ ಆಗಲೇ ಎರಡು ಮೂರು ಬಾಟಲಿ ಬಂದು ಕೂತಿರುತ್ತವೆ. ಒಬ್ಬರು ಒಂದನ್ನು ಹೊಗಳಿರುತ್ತಾರೆ, ಇನ್ನೊಬ್ಬರು ಅದನ್ನು ಮುಟ್ಟಲೇಬೇಡಿ ಅಂದಿರುತ್ತಾರೆ. ಇತ್ತ ನಾಯಿ ಮಾತ್ರ ಕೆರೆದುಕೊಳ್ಳುತ್ತಲೇ ಇರುತ್ತದೆ.

ಗೊಂದಲ ಆಗುವುದಕ್ಕೆ ಕಾರಣ ಇದೆ. ಇವೆಲ್ಲ ಒಂದೇ ಕೆಲಸ ಮಾಡುವ ಬೇರೆ ಬೇರೆ ಎಣ್ಣೆಗಳು ಅಂತ ನಾವು ಅಂದುಕೊಂಡಿರುತ್ತೇವೆ. ಹಾಗಲ್ಲ. ಒಂದು ಎಣ್ಣೆ ಕೂದಲಿಗೆ ಹೊಳಪು ಕೊಡುತ್ತದೆ, ಆದರೆ ತುರಿಕೆಯ ತಂಟೆಗೆ ಹೋಗುವುದಿಲ್ಲ. ಇನ್ನೊಂದು ತುರಿಕೆ ತಗ್ಗಿಸುತ್ತದೆ, ಆದರೆ ವಾರಗಟ್ಟಲೆ ಕಾಯಬೇಕು. ಮತ್ತೊಂದು ಎರಡನ್ನೂ ಮಾಡದೆ ಸುಮ್ನೆ ತೂಕ ಏರಿಸುತ್ತದೆ. ಹಾಗಾಗಿ ಮೊದಲು ನಿಮ್ಮ ನಾಯಿಗೆ ಏನು ಬೇಕು ಅಂತ ನೋಡೋಣ. ಬಾಟಲಿಗಳ ಮಾತು ಆಮೇಲೆ.

ಮೊದಲ ಪ್ರಶ್ನೆ: ತೊಂದರೆ ಏನು?

ಕೂದಲು ಮಂಕಾಗಿದೆ, ಚರ್ಮದಲ್ಲಿ ಬಿಳಿ ಹೊಟ್ಟು ಏಳುತ್ತಿದೆ, ಆದರೆ ನಾಯಿ ಕೆರೆದುಕೊಳ್ಳುತ್ತಿಲ್ಲ. ಇದು ಒಂದು ತರಹ. ಕೂದಲು ಚೆನ್ನಾಗಿಯೇ ಇದೆ, ಆದರೆ ಇಡೀ ದಿನ ಪಾದ ನೆಕ್ಕುತ್ತದೆ, ಕಿವಿ ಕೆರೆಯುತ್ತದೆ, ಹೊಟ್ಟೆಯ ಕೆಳಗೆ ಕೆಂಪಗಾಗಿದೆ. ಇದು ಇನ್ನೊಂದು ತರಹ. ಮೊದಲನೆಯದಕ್ಕೂ ಎರಡನೆಯದಕ್ಕೂ ಬೇಕಾಗುವ ಕೊಬ್ಬು ಬೇರೆ ಬೇರೆ.

ಇವೆರಡೂ ಅಲ್ಲದ ಮೂರನೆಯ ತರಹವೂ ಇದೆ. ಅದಕ್ಕೆ ಯಾವ ಎಣ್ಣೆಯೂ ಆಗುವುದಿಲ್ಲ. ಚಿಗಟ, ಕಜ್ಜಿ ಹುಳ, ಶಿಲೀಂಧ್ರ, ಥೈರಾಯ್ಡ್ ಕಡಿಮೆ ಇರುವುದು, ಇವೆಲ್ಲ ಚರ್ಮದ ಮೇಲೆಯೇ ಕಾಣಿಸಿಕೊಳ್ಳುತ್ತವೆ. ಚಿಗಟ ಇದೆಯಾ ಅಂತ ಮನೆಯಲ್ಲೇ ನೋಡಬಹುದು. ಬಾಲದ ಬುಡದ ಹತ್ತಿರ, ಸೊಂಟದ ಮೇಲಿನ ಕೂದಲನ್ನು ಬೆರಳಿನಿಂದ ಬಿಡಿಸಿ ನೋಡಿ. ಕರಿ ಮೆಣಸಿನ ಪುಡಿ ಉದುರಿಸಿದ ಹಾಗೆ ಚುಕ್ಕಿ ಕಂಡರೆ ಅದನ್ನು ಒದ್ದೆ ಮಾಡಿದ ಬಿಳಿ ಟಿಶ್ಯೂ ಮೇಲೆ ಒತ್ತಿ, ಒಂದು ನಿಮಿಷ ಬಿಡಿ. ಸುತ್ತ ಕೆಂಪು ಮಿಶ್ರಿತ ಕಂದು ಬಣ್ಣ ಹರಡಿದರೆ ಅದು ಮಣ್ಣಲ್ಲ, ಚಿಗಟದ ಹಿಕ್ಕೆ. ಅದರಲ್ಲಿರುವುದು ನಿಮ್ಮ ನಾಯಿಯದೇ ರಕ್ತ. ಆಗ ಎಣ್ಣೆಯ ದುಡ್ಡನ್ನು ಚಿಗಟದ ಔಷಧಿಗೆ ಹಾಕಿ. ಎರಡೂ ಪಕ್ಕೆಗಳಲ್ಲಿ ಒಂದೇ ಸಮನಾಗಿ ಕೂದಲು ಉದುರಿ, ಬಾಲ ಬೋಳಾಗಿ, ತೂಕವೂ ಏರುತ್ತಿದ್ದರೆ ಥೈರಾಯ್ಡ್‌ಗಾಗಿ ರಕ್ತ ಪರೀಕ್ಷೆ ಮಾಡಿಸಿ. ಗಾಯ, ಕೀವು, ಕೆಟ್ಟ ವಾಸನೆ ಇದ್ದರೂ ಮೊದಲು ವೈದ್ಯರ ಹತ್ತಿರ ಹೋಗಿ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಎಣ್ಣೆ ಹಾಕುತ್ತಾ ಎರಡು ತಿಂಗಳು ಕಾದ ನಾಯಿಗೆ ಆ ಎರಡು ತಿಂಗಳು ನರಳಾಟವೇ ಆಗಿರುತ್ತದೆ.

ಎರಡನೆಯದು: ಈಗ ತಟ್ಟೆಯಲ್ಲಿ ಏನಿದೆ?

ನಾಯಿಗೆ ಲಿನೊಲೆಯಿಕ್ ಆಮ್ಲ ಅನ್ನುವ ಒಮೆಗಾ-6 ಕೊಬ್ಬು ಬೇಕೇ ಬೇಕು. ದೇಹ ಅದನ್ನು ತಾನಾಗಿ ತಯಾರಿಸಿಕೊಳ್ಳುವುದಿಲ್ಲ, ಊಟದಿಂದಲೇ ಬರಬೇಕು. ಚರ್ಮದ ಮೇಲಿನ ಪದರವನ್ನು ಇಟ್ಟಿಗೆ ಗೋಡೆ ಅಂದುಕೊಳ್ಳಿ. ಜೀವಕೋಶಗಳು ಇಟ್ಟಿಗೆ, ನಡುವೆ ಇರುವ ಜಿಡ್ಡು ಗಾರೆ. ಲಿನೊಲೆಯಿಕ್ ಆಮ್ಲ ಆ ಗಾರೆಯೊಳಗಿನ ಮುಖ್ಯ ವಸ್ತು. ಅದು ಕಡಿಮೆಯಾದರೆ ಚರ್ಮದಿಂದ ನೀರು ಆರಿಹೋಗುತ್ತದೆ, ಹೊಟ್ಟು ಏಳುತ್ತದೆ, ಕೂದಲು ಒರಟಾಗುತ್ತದೆ. ಇದು ಹೊಸ ವಿಷಯವೇನಲ್ಲ. ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ 1929ರಲ್ಲೇ ಇಲಿಗಳಿಗೆ ಕೊಬ್ಬೇ ಇಲ್ಲದ ಆಹಾರ ಕೊಟ್ಟು, ಅವುಗಳ ಬಾಲ ಮತ್ತು ಚರ್ಮದ ಮೇಲೆ ಹೊಟ್ಟು ಏಳುವುದನ್ನು ತೋರಿಸಿದ್ದರು.

'ಸಂಪೂರ್ಣ ಆಹಾರ' ಅಂತ ಮಾರುವ ಡಾಗ್ ಫುಡ್ ಕೊಡುತ್ತಿದ್ದರೆ ಅದರಲ್ಲಿ ಲಿನೊಲೆಯಿಕ್ ಆಮ್ಲ ಸಾಮಾನ್ಯವಾಗಿ ಸಾಕಷ್ಟು ಇರುತ್ತದೆ. ಅಂಥ ನಾಯಿಗೆ ಮೇಲಿಂದ ಮತ್ತೆ ಅಡುಗೆ ಎಣ್ಣೆ ಹಾಕಿದರೆ ಸಿಗುವ ಲಾಭ ಕಡಿಮೆ. ಮನೆಯಲ್ಲೇ ಬೇಯಿಸಿ ಹಾಕುವವರ ಕಥೆ ಬೇರೆ. ಚರ್ಮ ತೆಗೆದ ಕೋಳಿ, ಅನ್ನ, ಒಂದಿಷ್ಟು ತರಕಾರಿ, ಇದೇ ದಿನವೂ ಆದರೆ ಲಿನೊಲೆಯಿಕ್ ಕೊರತೆ ಆಗುವುದು ಸುಲಭ. ಮೀನು ತಿನ್ನದ ನಾಯಿಗೆ ಒಮೆಗಾ-3 ಕೂಡ ಅಷ್ಟಕ್ಕಷ್ಟೇ.

ಮೂರನೆಯದು: ಎಣ್ಣೆ ಎಷ್ಟು ಅಂತ ಅಲ್ಲ, ಒಳಗಿರುವುದು ಎಷ್ಟು?

ಬಹಳ ಜನ ತಪ್ಪುವುದು ಇಲ್ಲೇ. ತುರಿಕೆ, ಉರಿಯೂತ ತಗ್ಗಿಸುವುದು ಇಪಿಎ ಮತ್ತು ಡಿಎಚ್‌ಎ ಅನ್ನುವ ಎರಡು ಒಮೆಗಾ-3 ಕೊಬ್ಬುಗಳು. ಅದರಲ್ಲೂ ಚರ್ಮಕ್ಕೆ ಇಪಿಎ ಮುಖ್ಯ. ಡಬ್ಬಿಯ ಮುಂದೆ ದೊಡ್ಡದಾಗಿ '1000 ಮಿ.ಗ್ರಾಂ ಮೀನೆಣ್ಣೆ' ಅಂತ ಬರೆದಿರುತ್ತದೆ. ಹಿಂದೆ ತಿರುಗಿಸಿ ನೋಡಿದರೆ ಸಾಮಾನ್ಯ ಕ್ಯಾಪ್ಸೂಲ್‌ನಲ್ಲಿ ಇಪಿಎ 180, ಡಿಎಚ್‌ಎ 120, ಎರಡೂ ಸೇರಿ 300 ಮಿ.ಗ್ರಾಂ ಮಾತ್ರ. ಉಳಿದದ್ದು ಬರೀ ಎಣ್ಣೆ. ಗಾಢವಾಗಿ ತಯಾರಿಸಿದ ಕ್ಯಾಪ್ಸೂಲ್‌ಗಳಲ್ಲಿ ಇದು 500, 600, ಅದಕ್ಕಿಂತ ಜಾಸ್ತಿಯೂ ಇರುತ್ತದೆ. 'ಒಮೆಗಾ-3 ಸಮೃದ್ಧ' ಅಂತಷ್ಟೇ ಬರೆದು ಇಪಿಎ, ಡಿಎಚ್‌ಎ ಎಷ್ಟು ಅಂತ ಹೇಳದ ಬಾಟಲಿಯನ್ನು ನಾನಂತೂ ಕೊಳ್ಳುವುದಿಲ್ಲ.

ಎಷ್ಟು ಕೊಡಬೇಕು? ಅಲರ್ಜಿ ತುರಿಕೆಗೆ ಪಶುವೈದ್ಯರು ಸಾಮಾನ್ಯವಾಗಿ ಹಿಡಿಯುವ ಲೆಕ್ಕದ ಪ್ರಕಾರ ಇಪಿಎ, ಡಿಎಚ್‌ಎ ಎರಡೂ ಸೇರಿ 5 ಕೆ.ಜಿ. ನಾಯಿಗೆ ದಿನಕ್ಕೆ ಸುಮಾರು 400 ಮಿ.ಗ್ರಾಂ, 10 ಕೆ.ಜಿ.ಗೆ 700, 20 ಕೆ.ಜಿ.ಗೆ 1,200, 30 ಕೆ.ಜಿ.ಗೆ 1,600. ತೂಕ ಎರಡು ಪಟ್ಟಾದರೂ ಪ್ರಮಾಣ ಎರಡು ಪಟ್ಟಾಗಿಲ್ಲ ನೋಡಿ. ದೊಡ್ಡ ನಾಯಿಗೆ ಕೆ.ಜಿ. ಲೆಕ್ಕದಲ್ಲಿ ಕಡಿಮೆಯೇ ಸಾಕು. ಮೇಲಿನ ಮಿತಿಯೂ ಇದೆ. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2006ರಲ್ಲಿ ಹಾಕಿದ ಲೆಕ್ಕದಂತೆ 10 ಕೆ.ಜಿ. ನಾಯಿಗೆ ಊಟದಲ್ಲಿರುವುದೂ ಸೇರಿ ದಿನಕ್ಕೆ ಸುಮಾರು 2,000 ಮಿ.ಗ್ರಾಂ ದಾಟಬಾರದು. ಮೊದಲ ದಿನವೇ ಪೂರ್ತಿ ಕೊಡಬೇಡಿ, ಭೇದಿ ಗ್ಯಾರಂಟಿ. ಕಾಲು ಭಾಗದಿಂದ ಶುರು ಮಾಡಿ ಎರಡು ಮೂರು ವಾರದಲ್ಲಿ ಪೂರ್ತಿಗೆ ಬನ್ನಿ.

ನಾಲ್ಕನೆಯದು: ನಿಮ್ಮ ನಾಯಿಗೆ ಎಣ್ಣೆ ಒಗ್ಗುತ್ತದಾ?

ಒಂದು ಟೀ ಚಮಚ ಎಣ್ಣೆ ಅಂದರೆ ಸುಮಾರು 40 ಕ್ಯಾಲರಿ, ಅದು ಯಾವ ಎಣ್ಣೆಯೇ ಆಗಲಿ. 5 ಕೆ.ಜಿ. ನಾಯಿಗೆ ಇಡೀ ದಿನಕ್ಕೆ ಬೇಕಾಗುವುದು 300ರಿಂದ 350. ಅಂದರೆ ಒಂದು ಚಮಚದಲ್ಲೇ ದಿನದ ಊಟದ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಹೊಟ್ಟೆಗೆ ಹೋಯಿತು. ನಾವು ಅದನ್ನು ಊಟ ಅಂತ ಲೆಕ್ಕ ಹಾಕುವುದೇ ಇಲ್ಲ, ಅಲ್ವಾ?

ಪ್ಯಾಂಕ್ರಿಯಾಸ್ ಊತ ಹಿಂದೆ ಒಮ್ಮೆ ಬಂದಿದ್ದ ನಾಯಿಗೆ, ರಕ್ತದಲ್ಲಿ ಕೊಬ್ಬು ಜಾಸ್ತಿ ಇರುವ ನಾಯಿಗೆ, ಮಿನಿಯೇಚರ್ ಷ್ನಾಝರ್ ತರಹದ ತಳಿಗೆ ವೈದ್ಯರನ್ನು ಕೇಳದೆ ಯಾವ ಎಣ್ಣೆಯನ್ನೂ ಹಾಕಬೇಡಿ. ಎಣ್ಣೆ ಶುರು ಮಾಡಿದ ಮೇಲೆ ವಾಂತಿ ಆದರೆ, ಊಟ ಬಿಟ್ಟರೆ, ಮುಂಗಾಲು ಚಾಚಿ ಹಿಂಭಾಗ ಮೇಲೆತ್ತಿ ಹೊಟ್ಟೆನೋವು ತಾಳಲಾರದವರ ಹಾಗೆ ನಿಂತರೆ ಅವತ್ತೇ ತೋರಿಸಿ. ಮೀನೆಣ್ಣೆ ಜಾಸ್ತಿಯಾದರೆ ರಕ್ತ ಹೆಪ್ಪುಗಟ್ಟುವುದು ನಿಧಾನವಾಗಬಹುದು. ಆದ್ದರಿಂದ ಆಪರೇಷನ್ ಇದ್ದರೆ, ನೋವಿನ ಮಾತ್ರೆ ನಡೆಯುತ್ತಿದ್ದರೆ ಎಣ್ಣೆಯ ವಿಷಯ ಬಾಯಿಬಿಟ್ಟು ಹೇಳಿ. ಮಾತ್ರೆ ಏನೇನು ಕೊಡುತ್ತೀರಿ ಅಂತ ವೈದ್ಯರು ಕೇಳಿದಾಗ ಎಣ್ಣೆಯನ್ನು ಹೇಳಬೇಕು ಅಂತ ಯಾರಿಗೂ ನೆನಪಾಗುವುದಿಲ್ಲ.

ಉಳಿದದ್ದು ತಾಜಾತನ ಮತ್ತು ದುಡ್ಡು. ಅವನ್ನು ಒಂದೊಂದು ಎಣ್ಣೆಯ ಜೊತೆಗೇ ನೋಡೋಣ.

ಮೀನೆಣ್ಣೆ

ತುರಿಕೆಗೆ ಎಣ್ಣೆ ಅಂದರೆ ನಾನು ಮೊದಲು ಹೇಳುವುದು ಇದನ್ನೇ. ಇಪಿಎ, ಡಿಎಚ್‌ಎ ಎರಡೂ ಸಿದ್ಧವಾಗಿಯೇ ಸಿಗುತ್ತವೆ, ನಾಯಿಯ ದೇಹ ಏನನ್ನೂ ಬದಲಾಯಿಸಿಕೊಳ್ಳಬೇಕಾಗಿಲ್ಲ. ಇವು ಮಾಡುವ ಕೆಲಸ ಇಷ್ಟು. ಜೀವಕೋಶದ ಪೊರೆಯಲ್ಲಿ ಅರಾಕಿಡೋನಿಕ್ ಆಮ್ಲ ಅನ್ನುವ ಕೊಬ್ಬು ಇರುತ್ತದೆ, ಉರಿಯೂತ ಎಬ್ಬಿಸುವ ವಸ್ತುಗಳು ಅದರಿಂದಲೇ ತಯಾರಾಗುತ್ತವೆ. ಇಪಿಎ ಬಂದು ಆ ಜಾಗದಲ್ಲಿ ಸ್ವಲ್ಪ ಸ್ವಲ್ಪವಾಗಿ ಕೂರುತ್ತದೆ. ಇಪಿಎಯಿಂದ ತಯಾರಾಗುವ ವಸ್ತುಗಳ ಸಿಟ್ಟು ಅಷ್ಟಿಲ್ಲ. ಪೊರೆಯ ಕೊಬ್ಬು ಬದಲಾಗುವುದಕ್ಕೆ ವಾರಗಳೇ ಬೇಕು, ಅದಕ್ಕೇ ಇದರ ಗುಣ ಕಾಣುವುದಕ್ಕೆ ತಡ. ಪ್ರಾಣಿಗಳ ಅಲರ್ಜಿ ಬಗ್ಗೆ ಇರುವ ಅಂತಾರಾಷ್ಟ್ರೀಯ ಸಮಿತಿ 2015ರ ತನ್ನ ಮಾರ್ಗಸೂಚಿಯಲ್ಲಿ ಎರಡು ತಿಂಗಳ ಮುಂಚೆ ಗುಣ ಕಾಣದೇ ಇರಬಹುದು ಅಂತ ಹೇಳಿದೆ. ಹತ್ತು ದಿನ ಕೊಟ್ಟು 'ಏನೂ ಆಗಲಿಲ್ಲ' ಅಂತ ಬಿಡುವವರು ದಯವಿಟ್ಟು ಇದನ್ನು ನೆನಪಿಡಿ. ಮೈಯೆಲ್ಲಾ ಕೆಂಪಾಗಿ ನಾಯಿ ರಾತ್ರಿ ನಿದ್ದೆ ಮಾಡದೆ ಒದ್ದಾಡುತ್ತಿರುವಾಗ ಮೀನೆಣ್ಣೆ ನೆಚ್ಚಿಕೊಂಡು ಕೂರುವುದೂ ಸರಿಯಲ್ಲ. ಆಗ ಔಷಧಿಯೇ ಬೇಕು. ದಿನಗಳೆದಂತೆ ಔಷಧಿಯ ಪ್ರಮಾಣ ಇಳಿಸುವುದಕ್ಕೆ ಎಣ್ಣೆ ನೆರವಾಗಬಹುದು. ಅದೇ ದೊಡ್ಡ ಲಾಭ.

ಇನ್ನು ಪಂಪ್ ಬಾಟಲಿಯೋ ಕ್ಯಾಪ್ಸೂಲೋ? ನನಗೆ ಇದು ಪೆಟ್ಟು ತಿಂದು ಗೊತ್ತಾಗಿದ್ದು. ನಮ್ಮ ನಾಯಿ ಬೆಳ್ಳಿ 12 ಕೆ.ಜಿ. ಬಿಳಿ ಕೂದಲು. ಪಾದ ನೆಕ್ಕಿ ನೆಕ್ಕಿ ಬೆರಳುಗಳ ನಡುವಿನ ಕೂದಲು ತುಕ್ಕು ಹಿಡಿದ ಹಾಗೆ ಕಂದಾಗಿತ್ತು, ಎಂಜಲಿನ ಬಣ್ಣ ಅದು. ಉಳಿತಾಯ ಆಗಲಿ ಅಂತ ದೊಡ್ಡ ಬಾಟಲಿ ಸಾಲ್ಮನ್ ಎಣ್ಣೆ ತಂದೆ. ಅಡುಗೆಮನೆ ಕಟ್ಟೆಯ ಮೇಲೆ, ಒಲೆಯ ಹತ್ತಿರವೇ ಇಟ್ಟೆ. ಒಂದೂವರೆ ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಬೆಳ್ಳಿ ತಟ್ಟೆ ಮೂಸಿದಳು, ನನ್ನ ಮುಖ ನೋಡಿದಳು, ಹಿಂದಕ್ಕೆ ಸರಿದು ಕೂತಳು. ಮೂರು ದಿನ ಹೀಗೇ ಆಯಿತು. ಹೊಟ್ಟೆ ಕೆಟ್ಟಿದೆ ಅಂದುಕೊಂಡೆ. ಕೊನೆಗೆ ಬಾಟಲಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದರೆ ಮೀನಿನ ವಾಸನೆ ಇರಲಿಲ್ಲ, ಹಳೇ ಪೇಂಟ್ ಡಬ್ಬಿ ತೆರೆದ ಹಾಗೆ ಮೂಗಿಗೆ ಹೊಡೆಯಿತು. ಎಣ್ಣೆ ಕಮಟಿತ್ತು. ಎಷ್ಟು ದಿನದಿಂದ ಅದನ್ನೇ ತಿನ್ನಿಸುತ್ತಿದ್ದೆನೋ ಅಂತ ಇವತ್ತಿಗೂ ಬೇಜಾರಾಗುತ್ತದೆ.

ಇಪಿಎ, ಡಿಎಚ್‌ಎಗೆ ಗಾಳಿ, ಬೆಳಕು, ಬಿಸಿ ಮೂರೂ ಆಗುವುದಿಲ್ಲ. ಪ್ರತಿ ಸಲ ಪಂಪ್ ಒತ್ತಿದಾಗಲೂ ಬಾಟಲಿಯೊಳಗೆ ಸ್ವಲ್ಪ ಗಾಳಿ ಹೋಗುತ್ತದೆ. ಕಮಟಿದ ಎಣ್ಣೆಯಲ್ಲಿ ಒಳ್ಳೆಯ ಅಂಶ ಹಾಳಾಗಿರುತ್ತದೆ, ಅಷ್ಟೇ ಅಲ್ಲ, ಅದು ದೇಹದಲ್ಲಿರುವ ವಿಟಮಿನ್ ಇಯನ್ನೂ ತಿಂದುಹಾಕುತ್ತದೆ. ಹಾಗಾಗಿ ದೊಡ್ಡ ಬಾಟಲಿ ದೊಡ್ಡ ನಾಯಿಗೆ ಮಾತ್ರ. ತೆರೆದ ಮೇಲೆ ನಾಲ್ಕರಿಂದ ಆರು ವಾರದಲ್ಲಿ ಮುಗಿಯುವಷ್ಟು ದೊಡ್ಡದನ್ನೇ ತನ್ನಿ. ಕಪ್ಪು ಗಾಜಿನದಾದರೆ ಒಳ್ಳೆಯದು, ಫ್ರಿಜ್‌ನಲ್ಲಿಡಿ. ಚಿಕ್ಕ ನಾಯಿಗೆ ಕ್ಯಾಪ್ಸೂಲ್ ವಾಸಿ, ಒಂದೊಂದೂ ಮುಚ್ಚಿಯೇ ಇರುತ್ತದೆ. ಸೂಜಿಯಿಂದ ಚುಚ್ಚಿ ಊಟದ ಮೇಲೆ ಹಿಂಡಿದರೆ ಆಯಿತು. ಹೊಸ ಡಬ್ಬಿ ತಂದಾಗ ಒಂದು ಕ್ಯಾಪ್ಸೂಲ್ ಚುಚ್ಚಿ ನೀವೇ ಮೂಸಿ ನೋಡಿ. ತೆಳುವಾಗಿ ಮೀನಿನ ವಾಸನೆ ಬಂದರೆ ಸರಿ, ಗಂಟಲು ಕೆರೆಯುವಂಥ ಘಾಟು ಬಂದರೆ ವಾಪಸ್ ಕೊಡಿ. ಕೆಲವು ಕಂಪನಿಗಳು ಪ್ರತಿ ಬ್ಯಾಚ್‌ನ ಪರೀಕ್ಷಾ ವರದಿ ಕೊಡುತ್ತವೆ. ಅದರಲ್ಲಿ ಎಣ್ಣೆ ಎಷ್ಟು ಕಮಟಿದೆ ಅಂತ ತಿಳಿಸುವ ಟೊಟಾಕ್ಸ್ ಅನ್ನುವ ಅಂಕಿ 26 ದಾಟಿರಬಾರದು, ಎಷ್ಟು ಕಡಿಮೆಯೋ ಅಷ್ಟು ತಾಜಾ.

ಮನುಷ್ಯರಿಗೆ ಮಾರುವ ಮೀನೆಣ್ಣೆ ಕೊಡಬಹುದಾ? ಮಾಮೂಲಿ ಕ್ಯಾಪ್ಸೂಲ್ ಆದರೆ ಕೊಡಬಹುದು, ಎಷ್ಟೋ ಸಲ ಅದೇ ಅಗ್ಗ. ಆದರೆ ನಿಂಬೆ, ಕಿತ್ತಳೆ ರುಚಿ ಹಾಕಿದ ದ್ರವ ಎಣ್ಣೆಯಲ್ಲಿ, ಜಗಿಯುವ ಗಮ್ಮಿಯಲ್ಲಿ ಕ್ಸೈಲಿಟಾಲ್ ಅನ್ನುವ ಸಿಹಿ ಇರಬಹುದು. ಅದು ನಾಯಿಗೆ ವಿಷ. ರಕ್ತದಲ್ಲಿನ ಸಕ್ಕರೆ ಪ್ರಮಾಣ ದಿಢೀರನೆ ಇಳಿಯುತ್ತದೆ, ಯಕೃತ್ತು ಹಾಳಾಗುತ್ತದೆ. ಪದಾರ್ಥಗಳ ಪಟ್ಟಿಯನ್ನು ಕೊನೆಯ ಅಕ್ಷರದವರೆಗೆ ಓದಿ. ವಿಟಮಿನ್ ಡಿ ಬೆರೆಸಿದ್ದೂ ಬೇಡ.

ದುಡ್ಡಿನ ಲೆಕ್ಕ ಹೀಗೆ ಹಾಕಿ. ಬಾಟಲಿಯ ಬೆಲೆ ನೋಡಬೇಡಿ. ಬಾಟಲಿಯಲ್ಲಿ ಒಟ್ಟು ಎಷ್ಟು ಮಿ.ಗ್ರಾಂ ಇಪಿಎ, ಡಿಎಚ್‌ಎ ಇದೆ ಅಂತ ಲೆಕ್ಕ ಹಾಕಿ, ನಿಮ್ಮ ನಾಯಿಗೆ ದಿನಕ್ಕೆ ಬೇಕಾದ್ದರಿಂದ ಭಾಗಿಸಿ. ಎಷ್ಟು ದಿನ ಬರುತ್ತದೆ ಅಂತ ಗೊತ್ತಾಗುತ್ತದೆ. 300 ಮಿ.ಗ್ರಾಂನ 60 ಕ್ಯಾಪ್ಸೂಲ್ ಅಂದರೆ ಒಟ್ಟು 18,000. 20 ಕೆ.ಜಿ. ನಾಯಿಗೆ ದಿನಕ್ಕೆ 1,200 ಬೇಕಾದರೆ 15 ದಿನಕ್ಕೆ ಡಬ್ಬಿ ಖಾಲಿ. ದಿನಕ್ಕೆ ನಾಲ್ಕು ಕ್ಯಾಪ್ಸೂಲ್ ಆಯಿತು. 600ರ ಕ್ಯಾಪ್ಸೂಲ್ ಆದರೆ ಎರಡೇ, ಹೊಟ್ಟೆಗೆ ಹೋಗುವ ಎಣ್ಣೆಯೂ ಅರ್ಧ. ಹಾಗಾಗಿ ಗಾಢವಾದದ್ದು ಬೆಲೆ ಜಾಸ್ತಿ ಕಂಡರೂ ದೊಡ್ಡ ನಾಯಿಗೆ, ದಪ್ಪ ನಾಯಿಗೆ ಅದೇ ಸರಿ ಹೋಗುತ್ತದೆ. ಪಂಪ್ ಬಾಟಲಿಗೂ ಇದೇ ಲೆಕ್ಕ. ಎಷ್ಟೋ ಬಾಟಲಿಗಳ ಮೇಲೆ ಬರೆದಿರುವಷ್ಟು ಪಂಪ್ ಕೊಟ್ಟರೆ ತುರಿಕೆಗೆ ಬೇಕಾದ್ದರ ಅರ್ಧವೂ ಸಿಗುವುದಿಲ್ಲ.

ಕಾಡ್ ಲಿವರ್ ಎಣ್ಣೆ

ಇದೂ ಮೀನಿನ ಎಣ್ಣೆಯೇ, ಆದರೆ ಮೀನಿನ ಯಕೃತ್ತಿನದು. ಹೆಸರು ಹತ್ತಿರ ಇರುವುದರಿಂದ ಅದಲು ಬದಲು ಆಗುತ್ತದೆ. ಇದರಲ್ಲಿ ವಿಟಮಿನ್ ಎ ಮತ್ತು ಡಿ ತುಂಬಾ ಇರುತ್ತದೆ, ಎರಡೂ ದೇಹದಲ್ಲಿ ಶೇಖರವಾಗುತ್ತವೆ. ಡಾಗ್ ಫುಡ್‌ನಲ್ಲಿ ಇವೆರಡನ್ನೂ ಮೊದಲೇ ಸೇರಿಸಿರುತ್ತಾರೆ. ತುರಿಕೆಗೆ ಬೇಕಾದಷ್ಟು ಇಪಿಎ ಇದರಿಂದಲೇ ಪಡೆಯಲು ಹೋದರೆ ವಿಟಮಿನ್ ಮಿತಿ ಮೀರುತ್ತದೆ. ಡಿ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಹೊಡೆತ. ಚರ್ಮಕ್ಕೆ ಅಂತ ಇದನ್ನು ಕೊಡಬೇಡಿ.

ಆಲ್ಗೆ ಎಣ್ಣೆ

ಮೀನಿಗೂ ಇಪಿಎ, ಡಿಎಚ್‌ಎ ಬರುವುದು ಸಮುದ್ರದ ಪಾಚಿಯಿಂದಲೇ. ಆ ಪಾಚಿಯನ್ನೇ ತೊಟ್ಟಿಯಲ್ಲಿ ಬೆಳೆಸಿ ತೆಗೆದ ಎಣ್ಣೆ ಇದು. ಮನೆಯಲ್ಲಿ ಮೀನು ಬೇಡ ಅನ್ನುವವರಿಗೆ, ಮೀನಿನ ಅಲರ್ಜಿ ಇರುವ ನಾಯಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಸಮುದ್ರದ ಮಾಲಿನ್ಯದ ಭಯವೂ ಇಲ್ಲ. ಒಂದು ಎಚ್ಚರಿಕೆ: ಬಹಳಷ್ಟು ಆಲ್ಗೆ ಎಣ್ಣೆಗಳಲ್ಲಿ ಡಿಎಚ್‌ಎ ಜಾಸ್ತಿ, ಇಪಿಎ ಬಹಳ ಕಡಿಮೆ. ಮರಿಯ ಮಿದುಳು, ಕಣ್ಣಿಗೆ ಡಿಎಚ್‌ಎ ಒಳ್ಳೆಯದು, ಆದರೆ ಚರ್ಮದ ತುರಿಕೆಗೆ ಇಪಿಎ ಇರುವಂಥದ್ದನ್ನೇ ಹುಡುಕಿ. ಮಿ.ಗ್ರಾಂ ಲೆಕ್ಕದಲ್ಲಿ ಮೀನೆಣ್ಣೆಗಿಂತ ದುಬಾರಿ. ಚಿಕ್ಕ ನಾಯಿಗೆ ಅದು ಹೊರೆಯಾಗುವುದಿಲ್ಲ, 30 ಕೆ.ಜಿ. ನಾಯಿಗೆ ಆಗುತ್ತದೆ.

ಸಿಗಡಿಯಂಥ ಪುಟ್ಟ ಸಮುದ್ರ ಜೀವಿಯಿಂದ ತೆಗೆಯುವ ಕ್ರಿಲ್ ಎಣ್ಣೆಯನ್ನು ಇಲ್ಲೇ ಮುಗಿಸುತ್ತೇನೆ. ಕೆಂಪಗಿರುತ್ತದೆ, ಚೆನ್ನಾಗಿ ಹೀರಿಕೊಳ್ಳುತ್ತದೆ ಅಂತ ಮಾರುತ್ತಾರೆ. ಒಂದು ಕ್ಯಾಪ್ಸೂಲ್‌ನಲ್ಲಿ ಇಪಿಎ, ಡಿಎಚ್‌ಎ ಕಡಿಮೆ, ಬೆಲೆ ಜಾಸ್ತಿ. ಬರೀ ಚರ್ಮಕ್ಕಾಗಿ ಅಷ್ಟು ಕೊಡುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ.

ಅಗಸೆ ಎಣ್ಣೆ

ಅಗಸೆಯಲ್ಲಿ ಒಮೆಗಾ-3 ತುಂಬಾ ಇದೆ, ಎಣ್ಣೆಯ ಅರ್ಧಕ್ಕಿಂತ ಜಾಸ್ತಿ. ಆದರೆ ಅದು ಎಎಲ್‌ಎ ಅನ್ನುವ ರೂಪದ್ದು. ನಾಯಿಯ ದೇಹ ಅದರಲ್ಲಿ ಬಹಳ ಸ್ವಲ್ಪವನ್ನು ಮಾತ್ರ ಇಪಿಎ ಮಾಡಿಕೊಳ್ಳುತ್ತದೆ, ಡಿಎಚ್‌ಎ ಅಂತೂ ಇಲ್ಲವೇ ಇಲ್ಲ ಅನ್ನುವಷ್ಟು. ಡಬ್ಬಿಯ ಮೇಲೆ ಒಮೆಗಾ-3 ಅಂಕಿ ಮೀನೆಣ್ಣೆಗಿಂತ ದೊಡ್ಡದಾಗಿ ಕಾಣುತ್ತದೆ, ಅದನ್ನು ನೋಡಿ ಮೋಸ ಹೋಗಬೇಡಿ. ಎರಡೂ ಬೇರೆ ಬೇರೆ ವಸ್ತು.

ಹಾಗಂತ ಕೆಲಸಕ್ಕೆ ಬಾರದ್ದು ಅಂತಲ್ಲ. ಇದರಲ್ಲಿ ಸ್ವಲ್ಪ ಲಿನೊಲೆಯಿಕ್ ಆಮ್ಲವೂ ಇದೆ, ಒಣಗಿದ ಕೂದಲಿಗೆ ಹೊಳಪು ಬರಬಹುದು. ಮೀನಿನಿಂದ ಬರುವುದು ಬೇಡ, ಆಲ್ಗೆ ಎಣ್ಣೆಗೆ ದುಡ್ಡು ಸಾಲದು, ತುರಿಕೆಯೂ ಅಷ್ಟೇನಿಲ್ಲ ಅನ್ನುವವರಿಗೆ ಇದು ಒಪ್ಪುತ್ತದೆ. ಇದೂ ಬೇಗ ಕಮಟುತ್ತದೆ, ಫ್ರಿಜ್‌ನಲ್ಲೇ ಇಡಿ. ಬೀಜವನ್ನೇ ಕೊಡುವುದಾದರೆ ಅವತ್ತವತ್ತೇ ಪುಡಿ ಮಾಡಿ. ಇಡಿಯಾಗಿ ಹಾಕಿದರೆ ಹೋದ ಹಾಗೇ ಹೊರಗೆ ಬರುತ್ತದೆ.

ಸೂರ್ಯಕಾಂತಿ, ಕುಸುಬೆ ಎಣ್ಣೆ

ಅಡುಗೆಮನೆಯಲ್ಲೇ ಇರುವುದರಿಂದ ಇವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಲಿನೊಲೆಯಿಕ್ ಆಮ್ಲ ಬೇಕು ಅಂದರೆ ಇವೇ ಸರಿ. ಮಾಮೂಲಿ ಸೂರ್ಯಕಾಂತಿ ಎಣ್ಣೆಯಲ್ಲಿ ಶೇಕಡಾ 60ರಷ್ಟು, ಕುಸುಬೆಯಲ್ಲಿ 75ರಷ್ಟು ಅದೇ. ಮನೆ ಊಟ ಉಣ್ಣುವ, ಮಂಕು ಕೂದಲಿನ, ಹೊಟ್ಟು ಏಳುವ, ಆದರೆ ತುರಿಕೆ ಇಲ್ಲದ ನಾಯಿಗೆ ಇದರಷ್ಟು ಅಗ್ಗದ, ಇದರಷ್ಟು ಸರಿಯಾದ ಉಪಾಯ ಇಲ್ಲ. 10 ಕೆ.ಜಿ. ನಾಯಿಗೆ ದಿನಕ್ಕೆ ಬೇಕಾಗುವ ಲಿನೊಲೆಯಿಕ್ ಸುಮಾರು 2 ಗ್ರಾಂ. ಅರ್ಧದಿಂದ ಒಂದು ಟೀ ಚಮಚ ಸಾಕು. ಕಾಯಿಸದೆ, ಬೆಂದ ಊಟಕ್ಕೆ ಮೇಲಿಂದ ಹಾಕಿ ಕಲಸಿ. ಕರಿದು ಉಳಿದ ಎಣ್ಣೆ ಮಾತ್ರ ಬೇಡವೇ ಬೇಡ.

ಕೊಳ್ಳುವಾಗ ಒಂದು ನೋಡಿ. 'ಹೈ ಒಲೆಯಿಕ್' ಅಂತ ಬರೆದಿರುವ ಸೂರ್ಯಕಾಂತಿ, ಕುಸುಬೆ ಎಣ್ಣೆಗಳೂ ಬರುತ್ತವೆ. ಅವುಗಳಲ್ಲಿ ಲಿನೊಲೆಯಿಕ್ ಬಹಳ ಕಡಿಮೆ ಮಾಡಿರುತ್ತಾರೆ. ನಮ್ಮ ಅಡುಗೆಗೆ ಒಳ್ಳೆಯದು, ಈ ಕೆಲಸಕ್ಕೆ ಆಗುವುದಿಲ್ಲ. ಆಲಿವ್ ಎಣ್ಣೆಯ ಕಥೆಯೂ ಇದೇ. ಹೆಚ್ಚಿನದು ಒಲೆಯಿಕ್ ಆಮ್ಲ, ಚರ್ಮಕ್ಕೆ ಬೇಕಾದ ಲಿನೊಲೆಯಿಕ್, ಒಮೆಗಾ-3 ಎರಡೂ ಅಷ್ಟಾಗಿ ಇಲ್ಲ.

ಕೊಬ್ಬರಿ ಎಣ್ಣೆ

ಇದರ ಬಗ್ಗೆ ಜನರಿಗೆ ಪ್ರೀತಿ ಜಾಸ್ತಿ. ನನಗೂ ಇದೆ. ಆದರೆ ನಾಯಿಯ ಹೊಟ್ಟೆಗೆ ಹಾಕುವ ಮಾತು ಬಂದಾಗ ಲೆಕ್ಕ ನೋಡಬೇಕು. ಕೊಬ್ಬರಿ ಎಣ್ಣೆಯ ಶೇಕಡಾ 90ರಷ್ಟು ಸ್ಯಾಚುರೇಟೆಡ್ ಕೊಬ್ಬು, ಅದರಲ್ಲಿ ಸುಮಾರು ಅರ್ಧ ಲಾರಿಕ್ ಆಮ್ಲ. ಒಮೆಗಾ-3 ಇಲ್ಲವೇ ಇಲ್ಲ ಅನ್ನಬಹುದು. ಲಿನೊಲೆಯಿಕ್ ಶೇಕಡಾ 2ರಷ್ಟು. ಮೇಲೆ ಹೇಳಿದ ಎರಡು ತೊಂದರೆಗಳಿಗೂ ಬೇಕಾದದ್ದು ಇದರಲ್ಲಿ ಇಲ್ಲ. ಲಾರಿಕ್ ಆಮ್ಲ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ ಅನ್ನುವುದು ಪ್ರಯೋಗಾಲಯದ ತಟ್ಟೆಯಲ್ಲಿ ನಿಜ, ಆದರೆ ಚಮಚದಲ್ಲಿ ಕುಡಿಸಿದ ಎಣ್ಣೆ ಪಾದದ ಚರ್ಮಕ್ಕೆ ಆ ಶಕ್ತಿಯನ್ನು ಹೊತ್ತುಕೊಂಡು ಹೋಗುವುದಿಲ್ಲ. ಕ್ಯಾಲರಿ ಮಾತ್ರ ಪೂರ್ತಿ ಸಿಗುತ್ತದೆ.

ಒಡೆದ ಅಂಗಾಲಿಗೆ, ಒಣಗಿದ ಮೂಗಿಗೆ ತೆಳ್ಳಗೆ ಸವರುವುದಕ್ಕೆ ಇದು ಬಹಳ ಒಳ್ಳೆಯದು. ನೆಕ್ಕಿದರೂ ಭಯವಿಲ್ಲ. ಅಲ್ಲಿಗೇ ಸಾಕು. ಹಚ್ಚುವ ಎಣ್ಣೆ, ತಿನ್ನಿಸುವ ಎಣ್ಣೆ ಒಂದೇ ಆಗಬೇಕಿಲ್ಲ.

ಈವನಿಂಗ್ ಪ್ರಿಮ್‌ರೋಸ್, ಬೋರೇಜ್ ಎಣ್ಣೆ

ಇವು ಎರಡು ಹೂಗಿಡಗಳ ಬೀಜದ ಎಣ್ಣೆಗಳು. ಇವುಗಳಲ್ಲಿ ಜಿಎಲ್‌ಎ ಅನ್ನುವ ವಿಶೇಷ ಒಮೆಗಾ-6 ಇದೆ, ಬೋರೇಜ್‌ನಲ್ಲಿ ಜಾಸ್ತಿ. ಇದು ಒಮೆಗಾ-6 ಆದರೂ ಉರಿಯೂತ ತಗ್ಗಿಸುವ ಕಡೆಗೇ ಕೆಲಸ ಮಾಡುತ್ತದೆ. ಹುಟ್ಟು ಅಲರ್ಜಿಯ ನಾಯಿಗೆ ಮೀನೆಣ್ಣೆಯ ಜೊತೆಗೆ ಸೇರಿಸಿ ಕೊಡುವುದುಂಟು. ದುಬಾರಿ. ಮೀನೆಣ್ಣೆಯನ್ನು ಸರಿಯಾದ ಪ್ರಮಾಣದಲ್ಲಿ ಮೂರು ತಿಂಗಳು ಕೊಟ್ಟು ನೋಡಿ, ಆಮೇಲೂ ಸಾಲದು ಅನಿಸಿದರೆ ವೈದ್ಯರ ಜೊತೆ ಮಾತಾಡಿ ಇದಕ್ಕೆ ಹೋಗಿ. ಮೊದಲೇ ಬೇಡ.

ಎಣ್ಣೆಯೇ ಬೇಕಾ?

ಚರ್ಮಕ್ಕಾಗಿಯೇ ತಯಾರಿಸಿದ, ಒಮೆಗಾ-3 ಮತ್ತು 6 ಜಾಸ್ತಿ ಹಾಕಿದ ಡಾಗ್ ಫುಡ್‌ಗಳೂ ಇವೆ. ಅವುಗಳಿಂದ ಸಿಗುವ ಕೊಬ್ಬು ಎಷ್ಟೋ ಸಲ ಮೇಲಿಂದ ಹಾಕುವ ಎಣ್ಣೆಗಿಂತ ಜಾಸ್ತಿಯೇ ಇರುತ್ತದೆ, ಕ್ಯಾಲರಿಯ ಲೆಕ್ಕವೂ ಮೊದಲೇ ಹಾಕಿರುತ್ತಾರೆ. ಈಗ ಕೊಡುತ್ತಿರುವ ಆಹಾರ ಹೇಗೂ ಬದಲಾಯಿಸಬೇಕು ಅಂತಿದ್ದರೆ, ದಿನವೂ ಕ್ಯಾಪ್ಸೂಲ್ ಚುಚ್ಚುವ ತಾಳ್ಮೆ ಇಲ್ಲದಿದ್ದರೆ ಇದು ಸಲೀಸು. ಇದರ ಮೇಲೆ ಮತ್ತೆ ಮೀನೆಣ್ಣೆ ಹಾಕುವ ಮುಂಚೆ ಎರಡನ್ನೂ ಕೂಡಿಸಿ ಮಿತಿ ನೋಡಿಕೊಳ್ಳಿ.

ಹಾಗಾದರೆ ಯಾರಿಗೆ ಯಾವುದು?

ಡಾಗ್ ಫುಡ್ ತಿನ್ನುತ್ತದೆ, ತುರಿಕೆ ಇದೆ, ಚಿಗಟ ಇಲ್ಲ ಅಂತ ಖಾತ್ರಿ ಆಗಿದೆ ಅಂದರೆ ಮೀನೆಣ್ಣೆ. ಚಿಕ್ಕ ನಾಯಿಗೆ ಕ್ಯಾಪ್ಸೂಲ್, ದೊಡ್ಡದಕ್ಕೆ ಗಾಢವಾದ ಕ್ಯಾಪ್ಸೂಲ್ ಅಥವಾ ಬೇಗ ಮುಗಿಯುವ ಬಾಟಲಿ. ಮನೆ ಊಟ, ಬರೀ ಮಂಕು ಕೂದಲು ಅಂದರೆ ಒಂದು ಚಮಚದೊಳಗೆ ಸೂರ್ಯಕಾಂತಿ ಎಣ್ಣೆ. ಮನೆ ಊಟವೂ ಹೌದು, ತುರಿಕೆಯೂ ಹೌದು ಅಂದರೆ ಎರಡೂ ಬೇಕಾಗಬಹುದು, ಆದರೆ ಒಂದನ್ನು ಶುರು ಮಾಡಿ ತಿಂಗಳಾದ ಮೇಲೆ ಇನ್ನೊಂದು. ಒಟ್ಟಿಗೆ ಶುರು ಮಾಡಿದರೆ ಯಾವುದು ಹಿಡಿಸಿತು, ಯಾವುದರಿಂದ ಹೊಟ್ಟೆ ಕೆಟ್ಟಿತು ಅಂತ ಗೊತ್ತೇ ಆಗುವುದಿಲ್ಲ. ಮೀನು ಆಗದ ನಾಯಿಗೆ ಇಪಿಎ ಇರುವ ಆಲ್ಗೆ ಎಣ್ಣೆ. ದಪ್ಪಗಿರುವ ನಾಯಿಗೆ ಯಾವುದೇ ಆದರೂ ಅತಿ ಗಾಢವಾದದ್ದು, ಜೊತೆಗೆ ಊಟ ಅಷ್ಟರಮಟ್ಟಿಗೆ ಕಡಿಮೆ. ಡಾಗ್ ಫುಡ್ ತಿಂದುಕೊಂಡು, ಕೂದಲು ಮಿಂಚುತ್ತಾ, ತುರಿಕೆಯೂ ಇಲ್ಲದ ನಾಯಿಗೆ ಏನೂ ಬೇಡ. ಆ ದುಡ್ಡಿಗೆ ಒಂದು ಒಳ್ಳೆಯ ಬಾಚಣಿಗೆ ತನ್ನಿ, ದಿನಕ್ಕೆ ಹತ್ತು ನಿಮಿಷ ಬಾಚಿ. ಚರ್ಮದ ಸ್ವಂತ ಜಿಡ್ಡೇ ಕೂದಲ ತುದಿಯವರೆಗೆ ಹರಡುತ್ತದೆ.

ಯಾವುದನ್ನೇ ಆರಿಸಿ, ಮೊದಲ ದಿನ ಪಾದದ, ಹೊಟ್ಟೆಯ, ಬೆನ್ನಿನ ಫೋಟೋ ತೆಗೆದಿಡಿ. ತೆರೆದ ತಾರೀಕನ್ನು ಬಾಟಲಿಯ ಮೇಲೆ ಬರೆಯಿರಿ. ದಿನವೂ ನೋಡುವ ಕಣ್ಣಿಗೆ ನಿಧಾನದ ಬದಲಾವಣೆ ಕಾಣುವುದಿಲ್ಲ, ಎಂಟನೇ ವಾರ ಅದೇ ಬೆಳಕಿನಲ್ಲಿ ಮತ್ತೆ ತೆಗೆದು ಪಕ್ಕದಲ್ಲಿಟ್ಟು ನೋಡಿ. ಹನ್ನೆರಡು ವಾರ ಸರಿಯಾದ ಪ್ರಮಾಣ ಕೊಟ್ಟೂ ಏನೂ ಬದಲಾಗದಿದ್ದರೆ ನಿಲ್ಲಿಸಿ, ಕಾರಣ ಬೇರೆ ಕಡೆ ಹುಡುಕಿ.

ಬೆಳ್ಳಿಗೆ ಆಮೇಲೆ ಕ್ಯಾಪ್ಸೂಲ್ ಶುರು ಮಾಡಿದೆ, ದಿನಕ್ಕೆ ಒಟ್ಟು 800 ಮಿ.ಗ್ರಾಂನಷ್ಟು ಬರುವ ಹಾಗೆ. ಆರನೇ ವಾರದವರೆಗೆ ಏನೂ ಕಾಣಲಿಲ್ಲ. ಒಂಬತ್ತನೇ ವಾರ ಪಾದ ಒರೆಸುವಾಗ ಬೆರಳುಗಳ ಸಂದಿ ಬಿಡಿಸಿದೆ. ತುದಿಯಲ್ಲಿ ಇನ್ನೂ ಹಳೇ ಕಂದು ಬಣ್ಣ ಇತ್ತು, ಬುಡದಲ್ಲಿ ಮಾತ್ರ ಹೊಸ ಕೂದಲು ಬೆಳ್ಳಗೆ ಬರುತ್ತಿತ್ತು. ಮುಂದಿನ ಸಲ ಹೋದಾಗ ವೈದ್ಯರು ತುರಿಕೆಯ ಮಾತ್ರೆಯನ್ನು ದಿನ ಬಿಟ್ಟು ದಿನಕ್ಕೆ ಇಳಿಸಿದರು.